ಸವಾರನಿಲ್ಲದ ಕುದುರೆ: ‘ವಿಸಲ್‌ಜಾಕೆಟ್’ ಚಿತ್ರವನ್ನು ಕಾಲು ಅಳತೆಯಲ್ಲಿ ಬರೆದ ಕೆಲಸದ ಟಿಪ್ಪಣಿ

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ‘ವಿಸಲ್‌ಜಾಕೆಟ್’ ಚಿತ್ರದ ಎತ್ತರ 292 ಸೆಂಟಿಮೀಟರ್, ಅಗಲ 246.4 ಸೆಂಟಿಮೀಟರ್. ನಮ್ಮ ನಡುಮನೆಯಲ್ಲಿ ಅದನ್ನು ನಿಲ್ಲಿಸಬೇಕೆಂದರೆ ಮೊದಲು ಫ್ಯಾನು ಬಿಚ್ಚಬೇಕು. ಕಾಲು ಅಳತೆಯ ನಕಲಿಗೆ ನಾಲ್ಕರಿಂದ ಭಾಗಿಸಿದರೆ 73 ಮತ್ತು 61.6 ಬರುತ್ತದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಕ್ಯಾನ್ವಾಸ್‌ಗಳಲ್ಲಿ ಈ ಅಳತೆ ಇಲ್ಲ, ಬಡಗಿಯ ಹತ್ತಿರ ಚೌಕಟ್ಟು ಮಾಡಿಸಬೇಕು. ಹತ್ತಿರದ ಸಿದ್ಧ ಅಳತೆಗೆ ಒಗ್ಗಿಸಿಕೊಳ್ಳಬಹುದಿತ್ತಲ್ಲ ಎಂದು ಅಂಗಡಿಯವರು ಕೇಳಿದರು. ಬೇರೆ ಚಿತ್ರವಾಗಿದ್ದರೆ ಹಾಗೆಯೇ ಮಾಡುತ್ತಿದ್ದೆ. ಈ ಚಿತ್ರದಲ್ಲಿ ಕುದುರೆಯ ಸುತ್ತ ಎಷ್ಟು ಜಾಗವನ್ನು ಖಾಲಿ ಬಿಟ್ಟಿದೆ ಎಂಬುದೇ ಅರ್ಧ ಚಿತ್ರ. ಒಂದು ಅಂಚನ್ನು ಎರಡು ಬೆರಳಿನಷ್ಟು ಕತ್ತರಿಸಿದರೂ ಕುದುರೆಯ ವರ್ತನೆ ಬದಲಾಗುತ್ತದೆ.

ಇದನ್ನು ಬರೆದವನು ಜಾರ್ಜ್ ಸ್ಟಬ್ಸ್ (1724–1806), ಲಿವರ್‌ಪೂಲಿನ ಚರ್ಮ ಹದಮಾಡುವವನ ಮಗ. ಸುಮಾರು 1762ರ ಕೃತಿ. ಬರೆಸಿದವನು ರಾಕಿಂಗ್‌ಹ್ಯಾಮ್‌ನ ಎರಡನೆಯ ಮಾರ್ಕ್ವಿಸ್, ಮುಂದೆ ಎರಡು ಸಲ ಬ್ರಿಟನ್ನಿನ ಪ್ರಧಾನಿಯಾದ ಶ್ರೀಮಂತ. ಕುದುರೆಯೂ ಕಲ್ಪನೆಯದಲ್ಲ. ವಿಸಲ್‌ಜಾಕೆಟ್ 1749ರಲ್ಲಿ ಹುಟ್ಟಿದ, ಅರಬ್ಬಿ ರಕ್ತದ, ಕಂದುಗೆಂಪು ಮೈಯ ಗಂಡುಕುದುರೆ. 1759ರಲ್ಲಿ ಯಾರ್ಕಿನಲ್ಲಿ ನಡೆದ ನಾಲ್ಕು ಮೈಲಿ ಓಟದಲ್ಲಿ ಎರಡು ಸಾವಿರ ಗಿನಿಗಳ ಪಣ ಗೆದ್ದದ್ದು ಅದರ ದೊಡ್ಡ ಹೆಸರು. ಆಮೇಲೆ ತಳಿಗಾಗಿ ಲಾಯದಲ್ಲಿ ಉಳಿಯಿತು. ಚಿತ್ರವನ್ನು ಗ್ಯಾಲರಿ 1997ರಲ್ಲಿ 1 ಕೋಟಿ 10 ಲಕ್ಷ ಪೌಂಡಿಗೆ ಕೊಂಡಿತು.

ಚಿತ್ರದಲ್ಲಿ ಕುದುರೆ ಹಿಂಗಾಲಿನ ಮೇಲೆ ಭಾರ ಹಾಕಿ, ಮುಂಗಾಲು ಮಡಚಿ ಮೇಲೆದ್ದಿದೆ. ಮುಖ ಎಡಕ್ಕಿದ್ದರೂ ತಲೆಯನ್ನು ನಮ್ಮ ಕಡೆಗೆ ತುಸು ಹೊರಳಿಸಿದೆ. ಅಷ್ಟೇ. ಜೀನು ಇಲ್ಲ, ರಿಕಾಪು ಇಲ್ಲ, ಕಡಿವಾಣ ಇಲ್ಲ, ಸವಾರನಿಲ್ಲ, ಲಾಯದ ಆಳಿಲ್ಲ, ಮರವಿಲ್ಲ, ಆಕಾಶವಿಲ್ಲ, ನೆಲದ ಗೆರೆಯೂ ಇಲ್ಲ. ಈ ಇಲ್ಲಗಳ ಪಟ್ಟಿಯನ್ನು ನೋಡಿದವರು ‘ಸ್ವಾತಂತ್ರ್ಯದ ಸಂಕೇತ’ ಎಂದು ಷರಾ ಬರೆದು ಮುಂದೆ ಹೋಗುತ್ತಾರೆ. ನನಗೆ ಆ ಮಾತು ಒಪ್ಪಿಗೆಯಾಗಿರಲಿಲ್ಲ. ಬಿಟ್ಟ ಕುದುರೆ ಹುಲ್ಲು ಮೇಯುತ್ತದೆ, ಇಲ್ಲವೇ ಓಡುತ್ತದೆ. ಇದು ಎರಡನ್ನೂ ಮಾಡುತ್ತಿಲ್ಲ. ಹಾಗಾದರೆ ಈ ಚಿತ್ರದ ಎದುರು ನಿಂತಾಗ ಆಗುವ ಒಂದು ಬಗೆಯ ಅಸ್ವಸ್ಥತೆ ಎಲ್ಲಿಂದ ಬರುತ್ತದೆ? ಕುಂಚ ಹಿಡಿದು ಒಂದೊಂದು ಅಂಗುಲವನ್ನೂ ನಕಲು ಮಾಡಿದರೆ ಗೊತ್ತಾದೀತು ಎಂದು ಕೆಲಸಕ್ಕೆ ಇಳಿದೆ.

ಬಟ್ಟೆ ಮತ್ತು ತಳ

ಚೌಕಟ್ಟಿಗೆ ಹಳೆಯ ತೇಗ. ನಡುವೆ ಒಂದು ಅಡ್ಡಪಟ್ಟಿ ಹಾಕಿಸಿದೆ, ಇಲ್ಲದಿದ್ದರೆ ಬಟ್ಟೆ ಎಳೆದಾಗ ಉದ್ದನೆಯ ಕೋಲು ಒಳಕ್ಕೆ ಬಾಗುತ್ತದೆ. ಬಟ್ಟೆ ಸಣ್ಣ ನೇಯ್ಗೆಯ ಲಿನನ್. ಒರಟು ನೇಯ್ಗೆಯ ಹತ್ತಿ ಬಟ್ಟೆ ಅಗ್ಗವಾದರೂ ಕಾಲು ಅಳತೆಗೆ ಅದು ಆಗದು: ಕಣ್ಣು, ಮೂಗಿನ ಹೊಳ್ಳೆ, ಗೊರಸಿನ ಅಂಚು ಇವೆಲ್ಲ ನೂಲಿನ ಗಂಟುಗಳ ನಡುವೆ ಕಳೆದುಹೋಗುತ್ತವೆ. ಬಟ್ಟೆಗೆ ತಳವಾಗಿ ಹಚ್ಚುವ ಬಿಳಿ ಲೇಪವಾದ ಅಕ್ರಿಲಿಕ್ ಗೆಸ್ಸೊವನ್ನು ತೆಳುವಾಗಿ ಬಳಿದು, ಒಣಗಿದ ಮೇಲೆ ಸಣ್ಣ ಉಪ್ಪುಕಾಗದದಿಂದ ತಿಕ್ಕಿ, ಮತ್ತೆ ಬಳಿದೆ. ಹೀಗೆ ಬೆರಳಾಡಿಸಿದರೆ ಮೊಟ್ಟೆಯ ಚಿಪ್ಪಿನಂತೆ ನುಣುಪಾಗುವವರೆಗೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಮಕ್ಕಿ ಸುದೆಯಿಂದ ಮೇಲ್ಮೈಯನ್ನು ಉಬ್ಬಿಸುತ್ತಾರೆ. ಇಲ್ಲಿ ಅದರ ತದ್ವಿರುದ್ಧ ಬೇಕು, ಮೇಲ್ಮೈ ಎನ್ನುವುದೇ ಗಮನಕ್ಕೆ ಬರಬಾರದು.

ಗ್ಯಾಲರಿಯವರು ಜಾಲತಾಣದಲ್ಲಿ ಹಾಕಿರುವ ದೊಡ್ಡ ಛಾಯಾಚಿತ್ರವನ್ನು ಮ್ಯಾಟ್ ಕಾಗದದ ಮೇಲೆ ಮುದ್ರಿಸಿಕೊಂಡೆ. ತಲೆ, ಹಿಂಗಾಲು, ಹೊಟ್ಟೆಯ ಭಾಗಗಳನ್ನು ಬೇರೆ ಹಾಳೆಗಳಲ್ಲಿ ದೊಡ್ಡದಾಗಿ ತೆಗೆಸಿದೆ. ಬಣ್ಣ ಹೊಂದಿಸಲು ಪರದೆಯನ್ನು ನಂಬಬಾರದು. ಪರದೆ ತನ್ನೊಳಗಿನಿಂದ ಬೆಳಗುತ್ತದೆ, ಬಣ್ಣ ಹೊರಗಿನ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಉತ್ತರದ ಕಿಟಕಿಯ ಪಕ್ಕದಲ್ಲಿ ಮುದ್ರಿತ ಹಾಳೆಯನ್ನಿಟ್ಟು, ಕಲಸಿದ ಬಣ್ಣವನ್ನು ಪ್ಯಾಲೆಟ್ ಚಾಕುವಿನ ತುದಿಯಲ್ಲಿ ಅದರ ಮೇಲೇ ಹಿಡಿದು ನೋಡುವುದು ನನಗೆ ಗೊತ್ತಿರುವ ಸರಿಯಾದ ಉಪಾಯ.

ರೇಖೆ ಇಳಿಸಲು ಚೌಕಳಿ ಹಾಕಿದೆ. ಅಗಲಕ್ಕೆ ಹತ್ತು, ಎತ್ತರಕ್ಕೆ ಹನ್ನೆರಡು ಮನೆ ಮಾಡಿದರೆ ಪ್ರತಿ ಮನೆಯೂ ಆರು ಸೆಂಟಿಮೀಟರಿಗಿಂತ ಕೂದಲೆಳೆಯಷ್ಟು ದೊಡ್ಡ ಚೌಕವಾಗುತ್ತದೆ. ಇದರಲ್ಲಿ ಒಂದು ಸಂಗತಿ ಕೂಡಲೇ ಎದ್ದು ಕಂಡಿತು. ಅಷ್ಟು ಮನೆಗಳಲ್ಲಿ ಕುದುರೆಯ ಅಂಚು ಹಾದುಹೋಗುವ ಮನೆಗಳನ್ನು ಬಿಟ್ಟರೆ ಬರೀ ಹಿನ್ನೆಲೆ ಇರುವ, ಪೆನ್ಸಿಲ್ಲಿಗೆ ಕೆಲಸವೇ ಇಲ್ಲದ ಮನೆಗಳು ನಾಲ್ಕೂ ಮೂಲೆಗಳಲ್ಲಿ ಗುಂಪುಗುಂಪಾಗಿ ಉಳಿದುಕೊಂಡವು. ಕುದುರೆಯ ದೇಹ ಚೌಕಟ್ಟಿನ ಕರ್ಣದುದ್ದಕ್ಕೂ ಏರಿದೆ, ತಲೆ ಎಡ ಮೇಲ್ಮೂಲೆಯ ಕಡೆಗೆ, ಬಾಲ ಬಲಕ್ಕೆ. ಮಿಕ್ಕ ಮೂಲೆಗಳು ಆ ಏರಿಕೆಯನ್ನು ಹಿಡಿದು ನಿಲ್ಲಿಸುವ ತೂಕದ ಕಲ್ಲುಗಳು. ಅವುಗಳನ್ನು ಖಾಲಿ ಎನ್ನುವುದು ಲೆಕ್ಕಕ್ಕೆ ಸರಿ, ಕಣ್ಣಿಗೆ ಸರಿಯಲ್ಲ.

ಹಿನ್ನೆಲೆ

ಎಲ್ಲಕ್ಕಿಂತ ಹೆಚ್ಚು ಕೆಲಸ ಹಿಡಿದದ್ದು ಇದೇ.

ದೂರದಿಂದ ನೋಡಿದರೆ ಹಿನ್ನೆಲೆ ಒಂದೇ ಬಣ್ಣ, ಹಸಿರು ಛಾಯೆ ಬೆರೆತ ತೆಳುಗಂದು. ಹಾಗೆಂದು ಒಂದೇ ಬಣ್ಣ ಕಲಸಿ ಬಳಿದರೆ ಗೋಡೆಗೆ ಬಣ್ಣ ಹೊಡೆದಂತೆ ಕಾಣುತ್ತದೆ. ಕುದುರೆ ಆ ಗೋಡೆಗೆ ಅಂಟಿಸಿದ ಕಾಗದವಾಗುತ್ತದೆ. ಒಂದು ಪಕ್ಕದ ತುಂಡು ಬಟ್ಟೆಯ ಮೇಲೆ ಮಾಡಿ ನೋಡಿ ಅದನ್ನು ಖಚಿತಪಡಿಸಿಕೊಂಡೆ. ಗಾಳಿ ಇದೆ ಅನ್ನಿಸಬೇಕು, ಆದರೆ ಸ್ಥಳ ಇದೆ ಅನ್ನಿಸಬಾರದು. ಇದು ಸಾಧ್ಯವಾಗುವುದು ಪದರಗಳಿಂದ.

ಮೊದಲು ರಾ ಅಂಬರ್ (ಮಣ್ಣುಗಂದು) ಮತ್ತು ಯೆಲ್ಲೋ ಓಕರ್ (ಮಣ್ಣುಹಳದಿ) ಬಣ್ಣಗಳನ್ನು ಟರ್ಪೆಂಟೈನಿನಲ್ಲಿ ನೀರಾಗಿಸಿ ಇಡೀ ಬಟ್ಟೆಗೆ ಹಚ್ಚಿ ಚಿಂದಿಯಿಂದ ಒರೆಸಿದೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಎಣ್ಣೆ ಬೇಗ ಒಣಗುತ್ತದೆ. ತಳಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಅದರ ಮೇಲೆ ಓಕರ್, ಬಿಳಿ ಮತ್ತು ಚಿಟಿಕೆ ಐವರಿ ಬ್ಲ್ಯಾಕ್. ಓಕರ್ ಜೊತೆ ಕಪ್ಪು ಸೇರಿದರೆ ಕಣ್ಣಿಗೆ ಹಸಿರಾಗಿ ಕಾಣುತ್ತದೆ, ಇದು ಹಳೆಯ ಚಿತ್ರಕಾರರ ಗುಟ್ಟೇನಲ್ಲ, ಆದರೂ ಪ್ರತಿ ಸಲ ಕಲಸುವಾಗ ನನಗೆ ಖುಷಿ ಕೊಡುತ್ತದೆ. ಹಸಿರು ಟ್ಯೂಬನ್ನು ಮುಟ್ಟಲೇ ಇಲ್ಲ. ಮೂರನೆಯ ಪದರವನ್ನು ಅಗಸೆ ಎಣ್ಣೆ ಹೆಚ್ಚಿಸಿ, ಮೇಲೆ ಬೆಚ್ಚಗೆ, ಕೆಳಗೆ ತುಸು ತಂಪಾಗಿ, ಎಲ್ಲಿ ಬದಲಾಯಿತು ಎಂದು ಹೇಳಲಾಗದಂತೆ ಒಣ ಕುಂಚದಿಂದ ಸವರಿದೆ. ಕೆಳಗಿನ ಪದರಕ್ಕಿಂತ ಮೇಲಿನದರಲ್ಲಿ ಎಣ್ಣೆ ಹೆಚ್ಚಿರಬೇಕು, ತಪ್ಪಿದರೆ ಮೇಲಿನದು ಮೊದಲು ಒಣಗಿ ಬಿರುಕು ಬಿಡುತ್ತದೆ.

ಬಿಳಿಯ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಕಾಯಿತು. ಸ್ಟಬ್ಸನ ಕಾಲದ ತೈಲಚಿತ್ರದ ಬಿಳಿ ಎಂದರೆ ಸೀಸದ ಬಿಳಿ. ಅದು ಬೆಚ್ಚಗಿನ, ಅರೆಪಾರದರ್ಶಕ ಬಣ್ಣ, ಜೊತೆಗೆ ವಿಷ. ಮಕ್ಕಳು ಓಡಾಡುವ ಮನೆಯಲ್ಲಿ ಅದು ಬೇಡವೆಂದು ಟೈಟಾನಿಯಂ ಬಿಳಿ ಬಳಸಿದೆ. ಟೈಟಾನಿಯಂ ಸುಣ್ಣದಂತೆ ತಣ್ಣಗೆ ಮುಚ್ಚಿಬಿಡುತ್ತದೆ. ಪ್ರತಿ ಮಿಶ್ರಣಕ್ಕೂ ಒಂದಿಷ್ಟು ನೇಪಲ್ಸ್ ಯೆಲ್ಲೋ ಬೆರೆಸಿ ಆ ಚಳಿಯನ್ನು ಕಡಿಮೆ ಮಾಡಿದೆ.

ಹಿನ್ನೆಲೆ ಒಣಗುವ ತನಕ ಕುದುರೆ ಬರೀ ಅಂಬರ್ ಬಣ್ಣದ ನೆರಳಚ್ಚಾಗಿ ನಿಂತಿತ್ತು. ಆಗ ಒಂದು ಪರೀಕ್ಷೆ ಮಾಡಿದೆ. ಜೆರಾಕ್ಸ್ ಅಂಗಡಿಯವರು ಪುಸ್ತಕ ಬೈಂಡಿಂಗಿಗೆ ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳನ್ನು ತಂದು, ಜೋಡಿಸಿ, ಕ್ಯಾನ್ವಾಸಿನ ಅಳತೆಗೆ ಕತ್ತರಿಸಿ, ಅವುಗಳ ಮೇಲೆ ಮಾರ್ಕರಿನಿಂದ ಈ ಚಿತ್ರದಲ್ಲಿ ಇಲ್ಲದ್ದನ್ನು ಬರೆದೆ. ಹಾಳೆಯನ್ನು ಚಿತ್ರದ ಮೇಲಿಟ್ಟರೆ ಅದು ಬರುತ್ತದೆ, ತೆಗೆದರೆ ಹೋಗುತ್ತದೆ.

ಮೊದಲ ಹಾಳೆಯಲ್ಲಿ ಒಬ್ಬ ರಾಜ, ಟೋಪಿ, ಲಗಾಮು. ಇಟ್ಟ ಕೂಡಲೇ ಕುದುರೆ ಸಣ್ಣದಾಯಿತು. ಇದು ಯುರೋಪಿನ ರಾಜಚಿತ್ರಗಳ ಹಳೆಯ ಭಂಗಿ. ಲೆವಾಡ್ ಎಂದು ಇದರ ಹೆಸರು, ಸವಾರಿ ಶಾಲೆಯಲ್ಲಿ ಬಹಳ ಕಾಲ ಪಳಗಿಸಿ ಕಲಿಸುವ ವಿದ್ಯೆ. ಚಿತ್ರಕಾರ ವೆಲಾಸ್ಕೆಸ್ ಸ್ಪೇನಿನ ದೊರೆ ನಾಲ್ಕನೆಯ ಫಿಲಿಪನನ್ನು ಹೀಗೆಯೇ ಕೂರಿಸಿದ್ದಾನೆ: ಕುದುರೆ ಎದ್ದು ನಿಂತಿದೆ, ರಾಜನ ಮುಖದಲ್ಲಿ ಒಂದು ಗೆರೆಯೂ ಅಲುಗಿಲ್ಲ, ಲಗಾಮು ಒಂದು ಕೈಯಲ್ಲಿ. ಅಂದರೆ ರಾಜ್ಯವೂ ಹೀಗೆಯೇ ಅವನ ಕೈಯಲ್ಲಿದೆ. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿ ಸಾರಥಿ ಎಂದು ಕಠೋಪನಿಷತ್ತು ಹೇಳುವುದನ್ನು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಹಾಳೆ ತೆಗೆದೆ. ಕುದುರೆಯ ಬಲವೆಲ್ಲ ಹಾಗೆಯೇ ಉಳಿಯಿತು, ಅದನ್ನು ಹಿಡಿದಿದ್ದ ಬುದ್ಧಿ ಮಾತ್ರ ಹೋಯಿತು. ಪಳಗಿದ ಭಂಗಿ, ಪಳಗಿಸಿದವನು ಇಲ್ಲ. ಅಸ್ವಸ್ಥತೆಯ ಒಂದು ಎಳೆ ಇಲ್ಲಿ ಕೈಗೆ ಸಿಕ್ಕಿತು.

ಎರಡನೆಯ ಹಾಳೆಯಲ್ಲಿ ಗುಡ್ಡದ ಸಾಲು, ಒಂದು ಓಕ್ ಮರ. ದಿಗಂತದ ಗೆರೆ ಕುದುರೆಯ ಹೊಟ್ಟೆಯ ಹತ್ತಿರ ಹಾದುಹೋಯಿತು. ಕೂಡಲೇ ಮನಸ್ಸು ಕಥೆ ಕಟ್ಟತೊಡಗಿತು: ಮರದ ಹಿಂದೆ ಏನೋ ಇದೆ, ಗುಡುಗು ಬಂತು, ಹಾವು ಕಂಡಿತು. ಕಥೆ ಸಿಕ್ಕ ಮೇಲೆ ಚಿತ್ರ ಹಗುರಾಯಿತು. ಮೂರನೆಯದರಲ್ಲಿ ಕೊರಳಿಂದ ಇಳಿಬಿದ್ದ ಒಂದು ತುಂಡು ಹಗ್ಗ ಬರೆದೆ, ಅಷ್ಟೇ. ಅದು ತಪ್ಪಿಸಿಕೊಂಡ ಕುದುರೆಯಾಯಿತು. ‘ಸ್ವಾತಂತ್ರ್ಯ’ ಎನ್ನುವವರು ಹುಡುಕುತ್ತಿರುವ ಚಿತ್ರ ಇದು, ಸ್ಟಬ್ಸ್ ಬರೆದದ್ದಲ್ಲ.

ನಾಲ್ಕನೆಯ ಹಾಳೆ ತಮಾಷೆಗೆ ಮಾಡಿದ್ದು. ಕುದುರೆಯ ಹಣೆಗೆ ಒಂದು ಪಟ್ಟ ಕಟ್ಟಿದೆ. ಕನ್ನಡದಲ್ಲಿ ಓದಿ ಬೆಳೆದವರಿಗೆ ಸವಾರನಿಲ್ಲದ ಕುದುರೆ ಎಂದರೆ ಮೊದಲು ನೆನಪಾಗುವುದು ಅಶ್ವಮೇಧದ ಕುದುರೆ, ವಾಲ್ಮೀಕಿಯ ತೋಟದಲ್ಲಿ ಲವ ಹಿಡಿದು ಕಟ್ಟಿದ ಕುದುರೆ. ಅದರ ಮೇಲೆ ಯಾರೂ ಕುಳಿತಿಲ್ಲ, ಆದರೆ ಹಣೆಯ ಮೇಲೆ ರಾಜನ ಸವಾಲು ಇದೆ, ಹಿಂದೆ ಸೇನೆ ಇದೆ. ಪಟ್ಟ ಇಟ್ಟೊಡನೆ ಚಿತ್ರದ ಹೊರಗೆ ಬಲಭಾಗದಲ್ಲಿ ಸೈನ್ಯದ ಸದ್ದು ಕೇಳಿಸಿದಂತಾಯಿತು! ನಗು ಬಂತಾದರೂ ವಿಷಯ ನಗುವಂಥದ್ದಲ್ಲ. ವಿಸಲ್‌ಜಾಕೆಟ್‌ಗೂ ಒಡೆಯನಿದ್ದ. ಪಂದ್ಯದ ಹಣ, ತಳಿಯ ಹೆಮ್ಮೆ, ಕುದುರೆಯೊಂದಕ್ಕೇ ಮೂರು ಮೀಟರಿನ ಬಟ್ಟೆ ಬಳಸಬಲ್ಲ ಸಿರಿ, ಇವೆಲ್ಲ ಆ ಹಣೆಯ ಮೇಲೆ ಬರೆಯದೆ ಇರುವ ಪಟ್ಟ. ಒಡೆತನ ಎಷ್ಟು ಖಚಿತವಾಗಿತ್ತೆಂದರೆ ಅದನ್ನು ಚಿತ್ರದಲ್ಲಿ ತೋರಿಸುವ ಅಗತ್ಯವೇ ಒಡೆಯನಿಗೆ ಕಾಣಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ.

ಇಲ್ಲಿ ಒಂದು ಹಳೆಯ ಕಥೆಯನ್ನು ಹೇಳಿಬಿಡಬೇಕು. ಇದು ಮೂರನೆಯ ಜಾರ್ಜ್ ದೊರೆಯ ಚಿತ್ರವಾಗಬೇಕಿತ್ತಂತೆ. ಕುದುರೆಯನ್ನು ಸ್ಟಬ್ಸ್, ದೊರೆಯನ್ನು ಇನ್ನೊಬ್ಬ, ನಿಸರ್ಗವನ್ನು ಮತ್ತೊಬ್ಬ ಬರೆಯುವುದೆಂದು ಗೊತ್ತಾಗಿ, ರಾಕಿಂಗ್‌ಹ್ಯಾಮ್‌ಗೂ ದೊರೆಗೂ ರಾಜಕೀಯವಾಗಿ ಕೆಟ್ಟ ಮೇಲೆ ಅರ್ಧಕ್ಕೆ ನಿಂತಿತಂತೆ. ಈಗ ವಿದ್ವಾಂಸರು ಇದನ್ನು ಅಷ್ಟಾಗಿ ನಂಬುವುದಿಲ್ಲ. ಅದೇ ಒಡೆಯನಿಗೆ ಅದೇ ಕಾಲದಲ್ಲಿ ಸ್ಟಬ್ಸ್ ಹೆಣ್ಣುಕುದುರೆ ಮತ್ತು ಮರಿಗಳ ಒಂದು ಸಾಲನ್ನು, ವಿಸಲ್‌ಜಾಕೆಟ್ ಜೊತೆ ಇನ್ನೆರಡು ಗಂಡುಕುದುರೆಗಳು ಮತ್ತು ಲಾಯದವನಿರುವ ಇನ್ನೊಂದನ್ನು ಹೀಗೆಯೇ ಬರಿ ಹಿನ್ನೆಲೆಯ ಮೇಲೆ ಬರೆದುಕೊಟ್ಟಿದ್ದಾನೆ. ಮೂರೂ ಅರ್ಧಕ್ಕೆ ನಿಂತವು ಎನ್ನಲಾಗದು. ಹಿನ್ನೆಲೆಯ ಪದರಗಳನ್ನು ಬಳಿದು ಕೈ ನೋಯಿಸಿಕೊಂಡ ನನಗೂ, ಇದು ಬೇರೆಯವನು ತುಂಬಲಿ ಎಂದು ಬಿಟ್ಟ ಜಾಗ ಅನ್ನಿಸುವುದಿಲ್ಲ.

ನೆರಳು

ಹಿಂಗಾಲಿನ ಗೊರಸುಗಳ ಬಳಿ ಎರಡು ಚಿಕ್ಕ ನೆರಳುಗಳಿವೆ. ಚಿತ್ರದಲ್ಲಿ ನೆಲ ಎನ್ನುವುದಕ್ಕೆ ಇರುವ ಸಾಕ್ಷಿ ಇದೊಂದೇ. ಕಾಲು ಅಳತೆಯಲ್ಲಿ ಒಂದೊಂದೂ ಹೆಬ್ಬೆರಳಿನ ಗುರುತಿನಷ್ಟು. ಅಂಬರ್, ಅಲ್ಟ್ರಾಮರೀನ್ ನೀಲಿ, ಹಿನ್ನೆಲೆಯದೇ ಬಣ್ಣ ಇವುಗಳಿಂದ ಮಾಡಿದ ತೆಳು ಮಿಶ್ರಣ. ಗೊರಸಿಗೆ ತಗುಲಿದಲ್ಲಿ ಗಟ್ಟಿಯಾಗಿ, ಆಚೆ ಹೋದಂತೆ ಒರೆಸಿದಂತೆ ಮಾಯವಾಗಬೇಕು.

ನೆರಳು ಹಾಕುವ ಮುಂಚೆ ಕುದುರೆ ತೇಲುತ್ತಿತ್ತು, ದೇವಲೋಕದ ಉಚ್ಚೈಃಶ್ರವಸ್ಸಿನ ಹಾಗೆ. ಹಾಕಿದ ಮೇಲೆ ತೂಕ ಬಂತು. ಆ ಇಡೀ ದೇಹ ಎರಡು ಗೊರಸುಗಳ ಮೇಲೆ ನಿಂತಿದೆ ಎಂಬ ಭಯ ಬಂತು. ಪ್ಲಾಸ್ಟಿಕ್ ಹಾಳೆಯ ಮೇಲೆ ನೆರಳನ್ನು ಉದ್ದ ಮಾಡಿ ನೋಡಿದೆ. ಸಂಜೆಯಾಯಿತು, ಜೊತೆಗೆ ಒಂದು ಬಗೆಯ ವಿಷಾದ. ನಡುಹಗಲಿನಂತೆ ಹೊಟ್ಟೆಯ ಕೆಳಗೆ ಹರಡಿ ನೋಡಿದೆ, ಕುದುರೆ ಒಂದು ಮೈದಾನದಲ್ಲಿ ನಿಂತಿತು. ಸ್ಟಬ್ಸ್ ಹೊತ್ತನ್ನು ತಿಳಿಸುವಷ್ಟು ನೆರಳನ್ನೂ ಕೊಟ್ಟಿಲ್ಲ, ಭಾರವನ್ನು ತಿಳಿಸುವಷ್ಟನ್ನೇ ಕೊಟ್ಟಿದ್ದಾನೆ. ಇಡೀ ಚಿತ್ರದಲ್ಲಿ ನನಗೆ ಹೆಚ್ಚು ಬೆರಗು ತಂದ ಭಾಗ ಈ ಎರಡು ಮಸುಕು ಗುರುತುಗಳು. ಭಾವ ಅಂದರೆ ಮುಖಭಾವ ಎಂದು ತಿಳಿದಿರುವವರು ಒಮ್ಮೆ ಬೆರಳಿನಿಂದ ಅವುಗಳನ್ನು ಮುಚ್ಚಿ ನೋಡಬೇಕು.

ಮೈ

1756ರಿಂದ ಸುಮಾರು ಒಂದೂವರೆ ವರ್ಷ ಸ್ಟಬ್ಸ್ ಲಿಂಕನ್‌ಷೈರಿನ ಹಾರ್ಕ್‌ಸ್ಟೋ ಎಂಬ ಹಳ್ಳಿಯ ಮನೆಯಲ್ಲಿ ಸತ್ತ ಕುದುರೆಗಳನ್ನು ಕಬ್ಬಿಣದ ಕೊಕ್ಕೆಗಳಿಗೆ ನೇತುಹಾಕಿ, ಬದುಕಿದಂತೆ ನಿಲ್ಲಿಸಿ, ಚರ್ಮದಿಂದ ಎಲುಬಿನವರೆಗೆ ಒಂದೊಂದೇ ಪದರ ಬಿಡಿಸಿ ಬರೆದುಕೊಂಡ. ಜೊತೆಗೆ ಇದ್ದವಳು ಅವನ ಬಾಳಸಂಗಾತಿ ಮೇರಿ ಸ್ಪೆನ್ಸರ್. ಆ ನಾತದಲ್ಲಿ ಮಾಡಿದ ಕೆಲಸ 1766ರಲ್ಲಿ ಕುದುರೆಯ ಅಂಗರಚನೆಯ ಪುಸ್ತಕವಾಗಿ ಬಂತು, ತಾಮ್ರದ ಫಲಕಗಳನ್ನೂ ಅವನೇ ಕೊರೆದ. ಆ ಅನುಭವ ವಿಸಲ್‌ಜಾಕೆಟ್‌ನ ಚರ್ಮದ ಕೆಳಗೆ ಇದೆ. ನಕಲು ಮಾಡುವವನಿಗೆ ಇದು ಕಷ್ಟದ ಸಂಗತಿ, ಏಕೆಂದರೆ ಮೇಲಿನಿಂದ ಹೊಳಪು ಮಾತ್ರ ನಕಲು ಮಾಡಿದರೆ ಕುದುರೆ ಪಾಲಿಶ್ ಹಾಕಿದ ಮರದ ಆಟಿಕೆಯಾಗುತ್ತದೆ. ಒಂದು ಪಶುವೈದ್ಯಕೀಯ ಪಠ್ಯದ ಸ್ನಾಯುಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಭುಜದ ಯಾವ ಉಬ್ಬು ಯಾವ ಸ್ನಾಯು ಎಂದು ಗುರುತು ಹಾಕಿಕೊಂಡ ಮೇಲೆಯೇ ಬಣ್ಣ ಮುಟ್ಟಿದೆ.

ಮೈಗೆ ಕೆಂಗಂದಿನ ಬರ್ನ್ಟ್ ಸಿಯೆನ್ನಾ ಮುಖ್ಯ. ಬೆಳಕಿನಲ್ಲಿ ಓಕರ್ ಮತ್ತು ನೇಪಲ್ಸ್ ಯೆಲ್ಲೋ, ನೆರಳಿನಲ್ಲಿ ಬರ್ನ್ಟ್ ಅಂಬರ್ ಜೊತೆ ಅಲ್ಟ್ರಾಮರೀನ್. ಶುದ್ಧ ಕಪ್ಪು ಎಲ್ಲೂ ಇಲ್ಲ. ಹೊಟ್ಟೆಯ ಅಡಿಯಲ್ಲಿ ಹಿನ್ನೆಲೆಯ ಬಣ್ಣವನ್ನೇ ತುಸು ಬೆರೆಸಬೇಕು, ಕೆಳಗಿನಿಂದ ಪ್ರತಿಫಲಿಸಿದಂತೆ. ಆಗ ಆ ಏನೂ ಇಲ್ಲದ ಜಾಗ ಕುದುರೆಯ ಮೈಗೆ ಬೆಳಕು ಕೊಡುತ್ತದೆ. ಅಂಚುಗಳನ್ನು ಎಲ್ಲೆಡೆ ಒಂದೇ ತೀಕ್ಷ್ಣತೆಯಲ್ಲಿ ಎಳೆಯಲಿಲ್ಲ: ಎದೆ ಮತ್ತು ಮುಂಗಾಲಿನಲ್ಲಿ ಹರಿತ, ಬೆನ್ನಿನ ಹಿಂಭಾಗದಲ್ಲಿ ಮೃದು.

ಹೊಟ್ಟೆಯ ಮೇಲೆ ಉಬ್ಬಿದ ನರಗಳ ವಿಷಯ ತಿಳಿದದ್ದು ಆಕಸ್ಮಿಕವಾಗಿ. ಮೈಸೂರಿನಲ್ಲಿ ಅರಮನೆಯ ಆಸುಪಾಸಿನಲ್ಲಿ ಟಾಂಗಾ ಓಡಿಸುವ ಒಬ್ಬ ಹಿರಿಯರನ್ನು ಕಂಡೆ. ಅವರ ಕುದುರೆಯ ಕಣ್ಣುಪಟ್ಟಿ ಬಿಚ್ಚಿಸಿ ಕಣ್ಣು ನೋಡುವುದು ನನ್ನ ಉದ್ದೇಶವಾಗಿತ್ತು. ಮುದ್ರಿತ ಹಾಳೆಯನ್ನು ತೋರಿಸಿದಾಗ ಅವರು ಕಣ್ಣನ್ನು ಬಿಟ್ಟು ಹೊಟ್ಟೆಯ ಮೇಲೆ ಬೆರಳಿಟ್ಟರು. “ನೋಡಿ ಸ್ವಾಮಿ, ಲಾಯದಲ್ಲಿ ಸುಮ್ಮನೆ ನಿಂತ ಕುದುರೆಗೆ ನರ ಹೀಗೆ ಏಳುವುದಿಲ್ಲ. ಮೈ ಕಾದಿರಬೇಕು. ಇದು ಓಡಿ ಬಂದದ್ದೋ, ಓಡಬೇಕೆಂದು ಕುದಿಯುತ್ತಿರುವುದೋ ಒಂದು.” ಎಣ್ಣೆ ಹಚ್ಚಿದಂಥ ಆ ತೆಳು ಚರ್ಮವನ್ನು ಬಹಳ ಹೊತ್ತು ನೋಡಿ, “ಇದಕ್ಕೆ ಗಾಡಿ ಕಟ್ಟಲಾಗುವುದಿಲ್ಲ ಬಿಡಿ” ಎಂದೂ ಹೇಳಿದರು. ನನಗೆ ಬೇಕಾದ ಸೂಚನೆ ಮೊದಲ ಮಾತಿನಲ್ಲಿತ್ತು. ಹಿನ್ನೆಲೆಯಲ್ಲಿ ಹೊತ್ತಿಲ್ಲ, ಸ್ಥಳವಿಲ್ಲ. ಮೈಯಲ್ಲಿ ಮಾತ್ರ ಕಳೆದ ಕೆಲವು ನಿಮಿಷಗಳ ಲೆಕ್ಕವಿದೆ. ನರಗಳನ್ನು ನೀಲಿಯಿಂದ ಬರೆಯಬಾರದು. ಮೈಬಣ್ಣವನ್ನೇ ಒಂದು ಮೆಟ್ಟಿಲು ತಂಪಾಗಿಸಿ ಗೆರೆ ಎಳೆದು, ಒಂದು ಪಕ್ಕದಲ್ಲಿ ಬೆಳಕಿನ ಕೂದಲೆಳೆ ಕೊಟ್ಟರೆ ಸಾಕು.

ಕೇಸರ ಮತ್ತು ಬಾಲ ಬೇಗ ಮುಗಿದವು. ಹಳದಿಬಿಳುಪಿನ ಆ ಕೂದಲನ್ನು ಎಳೆ ಎಳೆಯಾಗಿ ಬರೆಯುವ ಆಸೆಯನ್ನು ಅದುಮಿ, ಮೊದಲು ಗುಂಪುಗಳಾಗಿ ನೆರಳು ಬಳಿದು, ಹಸಿ ಇರುವಾಗಲೇ ಬೀಸಣಿಗೆ ಕುಂಚದಿಂದ ಎಳೆದರೆ ಆಯಿತು.

ಕಣ್ಣು

ಕಾಲು ಅಳತೆಯಲ್ಲಿ ಕಣ್ಣು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಕೈ ಅಲುಗದಿರಲು ಬಿದಿರಿನ ಕಡ್ಡಿಯ ತುದಿಗೆ ಹತ್ತಿ ಉಂಡೆ ಕಟ್ಟಿ, ಮೇಲೆ ಮೆತ್ತನೆಯ ಚರ್ಮ ಸುತ್ತಿ ಒಂದು ಆಸರೆಕೋಲು ಮಾಡಿಕೊಂಡೆ. ಈ ಕೋಲಿಗೂ ವಿಸಲ್‌ಜಾಕೆಟ್‌ಗೂ ಒಂದು ನಂಟಿದೆ. ಸ್ಟಬ್ಸನ ಪರಿಚಿತ ಚಿತ್ರಕಾರ ಒಝಾಯಸ್ ಹಂಫ್ರಿ ಬರೆದಿಟ್ಟ ಕಥೆಯ ಪ್ರಕಾರ, ಕುದುರೆ ತನ್ನ ಚಿತ್ರವನ್ನೇ ಕಂಡು ಇನ್ನೊಂದು ಗಂಡುಕುದುರೆಯೆಂದು ಮೇಲೆ ಬೀಳಲು ನುಗ್ಗಿತು, ಸ್ಟಬ್ಸ್ ಪ್ಯಾಲೆಟ್ಟು ಮತ್ತು ಆಸರೆಕೋಲಿನಿಂದ ಹೊಡೆದು ಅದನ್ನು ಹಿಂದಕ್ಕಟ್ಟಿದ. ಎಷ್ಟು ನಿಜವೋ, ಚಿತ್ರಕಾರರ ಬಗ್ಗೆ ಇಂಥ ಕಥೆಗಳು ಗ್ರೀಕರ ಕಾಲದಿಂದಲೂ ಹುಟ್ಟುತ್ತಲೇ ಇವೆ. ನನ್ನ ಬಿದಿರುಕಡ್ಡಿಯಿಂದ ಬೆಕ್ಕನ್ನೂ ಓಡಿಸಲಾಗದು.

ಟಾಂಗಾ ಕುದುರೆಯ ಕಣ್ಣನ್ನು ಹತ್ತಿರದಿಂದ ನೋಡಿದ್ದು ಕೆಲಸಕ್ಕೆ ಬಂತು. ಕುದುರೆಯ ಕಣ್ಣಿನ ಪಾಪೆ ನಮ್ಮದರಂತೆ ದುಂಡಗಿಲ್ಲ, ಅಡ್ಡಡ್ಡಲಾಗಿದೆ. ಸುತ್ತಲಿನ ಕಂದು ಎಷ್ಟು ಗಾಢವೆಂದರೆ ಪಾಪೆ ಬೇರೆಯಾಗಿ ಕಾಣುವುದಿಲ್ಲ. ರೆಪ್ಪೆಯ ಕೂದಲಿನ ನೆರಳು ಮೇಲಿನ ಭಾಗವನ್ನು ಮುಚ್ಚಿರುತ್ತದೆ. ಬಿಳಿಭಾಗ ಸಾಮಾನ್ಯವಾಗಿ ಮರೆಯಾಗಿದ್ದು, ಕುದುರೆ ಬೆದರಿದಾಗ ಹೊರಬರುತ್ತದೆ.

ಎಣ್ಣೆಕಾಗದದ ಚೂರುಗಳ ಮೇಲೆ ಕಣ್ಣನ್ನು ಬೇರೆ ಬೇರೆ ಬಗೆಯಲ್ಲಿ ಬರೆದು, ಒಣಗಿಸಿ, ಚಿತ್ರದ ಜಾಗದಲ್ಲಿ ಇಟ್ಟು ದೂರ ನಿಂತು ನೋಡಿದೆ. ಹೊಳಪಿನ ಚುಕ್ಕೆಯನ್ನು ಮೇಲೆ ಮಧ್ಯದಲ್ಲಿ, ದುಂಡಗೆ, ಪೂರ್ತಿ ಬಿಳಿಯಲ್ಲಿ ಇಟ್ಟರೆ ಕ್ಯಾಲೆಂಡರಿನ ಕುದುರೆ: ಮುದ್ದಾಗಿದೆ, ಒಳಗೆ ಯಾರೂ ಇಲ್ಲ. ಮೂಲೆಯಲ್ಲಿ ಬಿಳಿಭಾಗವನ್ನು ಅರ್ಧಚಂದ್ರದಂತೆ ತೋರಿಸಿದರೆ ಭೀತಿ. ಸ್ಟಬ್ಸನಿಗೆ ಅದನ್ನೂ ಬರೆಯಲು ಬರುತ್ತಿತ್ತು. ಸಿಂಹ ಕುದುರೆಯ ಮೇಲೆ ಬೀಳುವ ಚಿತ್ರಗಳ ಸರಣಿಯನ್ನು ಇದೇ ವರ್ಷಗಳಲ್ಲಿ ಆರಂಭಿಸಿದ, ಅಲ್ಲಿ ಭಯಕ್ಕೆ ಕಾರಣ ಬೆನ್ನ ಮೇಲೆಯೇ ಕುಳಿತಿದೆ. ಇಲ್ಲಿ ಆ ಬಿಳಿಯನ್ನು ತಂದರೆ ನೋಡುವವನು ಸಿಂಹವನ್ನು ಹುಡುಕತೊಡಗುತ್ತಾನೆ. ಕೊನೆಗೆ ಮುದ್ರಿತ ಹಾಳೆಗೆ ಹತ್ತಿರ ಬಂದದ್ದು ಹೀಗೆ: ಚುಕ್ಕೆ ಚಿಕ್ಕದು, ನಡುವಿನಿಂದ ಸರಿದದ್ದು, ಬೂದುನೀಲಿ ಬೆರೆತದ್ದು, ಕೆಳರೆಪ್ಪೆಯ ಒದ್ದೆಯಲ್ಲಿ ಒಂದು ಬೆಳಕಿನ ಗೆರೆ, ಮೇಲೆ ರೆಪ್ಪೆಯ ಮಡಿಕೆಯ ಎಳೆತ. ಇದರಲ್ಲಿ ಭಯವಿಲ್ಲ, ಕೋಪವಿಲ್ಲ, ಆನಂದವೂ ಇಲ್ಲ. ಗಮನವಿದೆ. ಆ ದೇಹದ ಅಷ್ಟೂ ಕೋಲಾಹಲದ ನಡುವೆ ತಲೆ ತಿರುಗಿಸಿ ಯಾವುದನ್ನೋ ಗಮನಿಸುತ್ತಿರುವ ಒಂದು ಜೀವ. ಮೈ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ, ಎರಡನ್ನೂ ಕೂಡಿಸಿ ಹೇಳಬಲ್ಲ ಸವಾರನನ್ನು ಚಿತ್ರಕಾರ ಕೊಟ್ಟಿಲ್ಲ. ಆ ಅಸ್ವಸ್ಥತೆ ಅಲ್ಲಿದೆ ಎಂದು ನನ್ನ ತೀರ್ಮಾನ.

ನಮ್ಮಲ್ಲಿ ಕುದುರೆ ಕೊಳ್ಳುವಾಗ, ಎತ್ತು ಕೊಳ್ಳುವಾಗ ಸುಳಿ ನೋಡುವ ಪದ್ಧತಿಯಿದೆ, ಹಣೆಯ ಮೇಲಿನದು ಶುಭ, ಇಂಥಲ್ಲಿರುವುದು ಅಶುಭ ಎಂದು. ಅದೂ ಕುದುರೆಯ ಮೈಯಲ್ಲಿ ಅರ್ಥ ಓದುವ ಒಂದು ಬಗೆ, ಒಡೆಯನ ಭವಿಷ್ಯವನ್ನು ಓದುವ ಬಗೆ. ವಿಜಯನಗರದವರು ಭಟ್ಕಳದಂಥ ಬಂದರುಗಳ ಮೂಲಕ ಸಮುದ್ರದಾಚೆಯಿಂದ ತರಿಸುತ್ತಿದ್ದ ಕುದುರೆಗಳು ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಮೇಲೆ ಸಾಲುಸಾಲಾಗಿ ಇವೆ. ಕುದುರೆ ನಡೆಸುವವರು ಜೊತೆಯಲ್ಲೇ ಇದ್ದಾರೆ. ಅಲ್ಲಿ ಅರ್ಥ ಇರುವುದು ಮೆರವಣಿಗೆಯಲ್ಲಿ, ಎಣಿಕೆಯಲ್ಲಿ. ಒಂದು ಕುದುರೆಯನ್ನು ಎದುರಿಗೆ ನಿಲ್ಲಿಸಿ, ಇದು ಯಾರು ಎಂದು ಕೇಳುವ ಚಿತ್ರ ಬೇರೆ ಜಾತಿಯದು. ಒಂದಕ್ಕಿಂತ ಇನ್ನೊಂದು ಮೇಲು ಎಂದೇನಲ್ಲ.

ಉಳಿದ ಕೆಲಸ

ಮೈಯ ಗಾಢ ಭಾಗಗಳಲ್ಲಿ ಬಣ್ಣ ಒಣಗಿದ ಮೇಲೆ ಮಂಕಾಗಿತ್ತು, ತಳ ಎಣ್ಣೆಯನ್ನು ಹೀರಿಕೊಂಡಿತ್ತು. ಅಗಸೆ ಎಣ್ಣೆಯನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಸವರಿ, ಹೆಚ್ಚಿನದನ್ನು ಬಟ್ಟೆಯಿಂದ ಒರೆಸಿ ತೆಗೆದ ಮೇಲೆ ಸರಿಹೋಯಿತು. ಮಳೆಗಾಲದಲ್ಲಿ ಬಟ್ಟೆಯ ಹಿಂಭಾಗಕ್ಕೆ ಬೂಷ್ಟು ಬರದಂತೆ ಗೋಡೆಯಿಂದ ಎರಡು ಬೆರಳು ದೂರ ಇರಲಿ ಎಂದು ಚೌಕಟ್ಟಿನ ಹಿಂದೆ ಬಿರಡೆಯ ತುಂಡುಗಳನ್ನು ಅಂಟಿಸಿದ್ದೇನೆ.

ಅಳತೆ ಇಳಿಸಿದ್ದರಿಂದ ಆದ ನಷ್ಟಕ್ಕೆ ಪೂರ್ತಿ ಪರಿಹಾರವಿಲ್ಲ. ಮೂಲದಲ್ಲಿ ಕುದುರೆ ಹೆಚ್ಚುಕಡಿಮೆ ನಿಜದ ಗಾತ್ರದ್ದು, ನೋಡುವವನು ಆ ಗೊರಸುಗಳ ಕೆಳಗೆ ನಿಲ್ಲುತ್ತಾನೆ. ನನ್ನದನ್ನು ಮಾಮೂಲಿ ಎತ್ತರಕ್ಕೆ ತೂಗುಹಾಕಿದಾಗ ಅದು ಸೋಫಾದ ಮೇಲಿನ ಒಂದು ಚಿತ್ರವಷ್ಟೇ ಆಗಿತ್ತು. ಮೊಳೆಯನ್ನು ಮೇಲೇರಿಸಿ, ಎತ್ತಿದ ಗೊರಸುಗಳು ನಿಂತವನ ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಿದ ಮೇಲೆ ತುಸು ಗಾಂಭೀರ್ಯ ಮರಳಿದೆ. ಮನೆಯವರಿಗೆ ಅದು ವಿಚಿತ್ರವಾಗಿ ಕಾಣುತ್ತದೆ, ಸೂರಿಗೆ ತಾಗುವಂತಿದೆ ಎಂಬ ದೂರಿದೆ. ಇಳಿಸುವುದಿಲ್ಲ.

ವಾರ್ನಿಷ್ ಇನ್ನೂ ಹಾಕಿಲ್ಲ. ಎಣ್ಣೆಬಣ್ಣ ಒಳಗಿನವರೆಗೆ ಒಣಗಲು ಕನಿಷ್ಠ ಆರು ತಿಂಗಳು ಬಿಡಬೇಕು, ನಮ್ಮ ಮಳೆಗಾಲದ ತೇವದಲ್ಲಿ ಇನ್ನೂ ಹೆಚ್ಚು. ಹೊಳಪು ವಾರ್ನಿಷ್ ಹಾಕಿದರೆ ಹಿನ್ನೆಲೆಯಲ್ಲಿ ಕಿಟಕಿ ಪ್ರತಿಫಲಿಸಿ ಒಂದು ಸ್ಥಳ ಹುಟ್ಟಿಬಿಡುತ್ತದೆ, ಆದ್ದರಿಂದ ಅರೆಮ್ಯಾಟ್ ಡಬ್ಬಿ ತಂದಿಟ್ಟಿದ್ದೇನೆ. ಮಿಕ್ಕ ಲಿನನ್ ತುಂಡು ಅಗಲಕ್ಕೆ ಚೆನ್ನಾಗಿದೆ. ಅದೇ ಹಿನ್ನೆಲೆಯ ಮಿಶ್ರಣದಿಂದ ಹೆಣ್ಣುಕುದುರೆ ಮತ್ತು ಮರಿಗಳ ಸಾಲನ್ನು ಮುಂದಿನ ಬಾರಿ ಹಿಡಿಯುವುದೆಂದು ಬಡಗಿಗೆ ಅಳತೆ ಕೊಟ್ಟಾಗಿದೆ.